ಇಳಿವಯಸ್ಸಿನವರಿಗೆ ಎಂತಹ ಕಾರು?

ನೌಕರಿಯಿಂದ ನಿವೃತ್ತರಾದ ಮೇಲೆ ನಮ್ಮ ಹಿರಿಯರಲ್ಲಿ ಅನೇಕರು ಹೊಸ ಕಾರೊಂದನ್ನು ಕೊಳ್ಳುವುದುಂಟು. ಪರದೇಶದಲ್ಲಿರುವ ಮಗನೋ ಮಗಳೋ ಕೊಡಿಸುವುದೂ ಉಂಟು. ಇದು ಸಂತೋಷದ ವಿಷಯವೇ. ಆದರೆ ಆಗ ಮನೆಯಲ್ಲಿ ನಡೆಯುವ ಚರ್ಚೆಯನ್ನು ಗಮನಿಸಿ. ಬಣ್ಣ, ಬೆಲೆ, ಲೀಟರಿಗೆ ಎಷ್ಟು ಕಿಲೋಮೀಟರ್, ನೆರೆಯವರ ಬಳಿ ಯಾವುದಿದೆ, ಇವೆಲ್ಲವೂ ಮಾತಿಗೆ ಬರುತ್ತವೆ. ಕಾರನ್ನು ನಡೆಸಬೇಕಾದವರ ಮಂಡಿ, ಕುತ್ತಿಗೆ, ಕಣ್ಣುಗಳು ಮಾತ್ರ ಬರುವುದಿಲ್ಲ. ಚಪ್ಪಲಿಯನ್ನು ಪಾದದ ಅಳತೆಗೆ ಕೊಳ್ಳುವ ನಾವು ಕಾರನ್ನು ಅಂತಸ್ತಿನ ಅಳತೆಗೆ ಕೊಳ್ಳುತ್ತೇವೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಪುಣೆಯಲ್ಲಿ ನನ್ನ ಪರಿಚಿತರೊಬ್ಬರಿಗೆ ಎಪ್ಪತ್ತು ತುಂಬಿದಾಗ ಮಗನು ಎತ್ತರವಾದ ಭಾರಿ ವಾಹನವೊಂದನ್ನು ಉಡುಗೊರೆಯಾಗಿ ಕೊಡಿಸಿದನು. ಮಂಡಿನೋವಿನ ಪತ್ನಿಯು ಅದನ್ನು ಹತ್ತಲು ಮನೆಯಿಂದ ಮಣೆಯೊಂದನ್ನು ತರಬೇಕಾಯಿತು. ಸೊಸೈಟಿಯ ಕಂಬಗಳ ನಡುವೆ ಅದನ್ನು ನಿಲ್ಲಿಸಬೇಕಲ್ಲಾ ಎಂಬ ಅಂಜಿಕೆಯಿಂದ ಅವರು ಹೊರಗೆ ಹೊರಡುವುದನ್ನೇ ಕ್ರಮೇಣ ಬಿಟ್ಟರು. ಸಂಗೀತ ಕಚೇರಿ ತಪ್ಪಿತು, ಗೆಳೆಯರ ಭೇಟಿ ತಪ್ಪಿತು. ಮಗನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ತಂದೆತಾಯಿಗಳನ್ನು ಆ ಆಸನದಲ್ಲಿ ಒಮ್ಮೆ ಕೂಡಿಸಿ ನೋಡಿರಲಿಲ್ಲ, ಅಷ್ಟೇ.

ವಯಸ್ಸು ದೇಹದಲ್ಲಿ ಮಾಡುವ ಬದಲಾವಣೆಗಳನ್ನು ಮೊದಲು ತಿಳಿಯಬೇಕು. ಅರವತ್ತರ ವಯಸ್ಸಿನಲ್ಲಿ ಅಕ್ಷಿಪಟಲವನ್ನು ತಲಪುವ ಬೆಳಕು ಇಪ್ಪತ್ತರ ಹರೆಯದಲ್ಲಿ ತಲಪುತ್ತಿದ್ದುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಎದುರು ವಾಹನದ ದೀಪದಿಂದ ಕಣ್ಣು ಕೋರೈಸಿದರೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಪೊರೆ ಬಂದಿದ್ದರಂತೂ ಹೇಳತಕ್ಕದ್ದಿಲ್ಲ. ಕತ್ತಿನ ಕೀಲುಗಳು ಸವೆದಾಗ ಹಿಂದಿರುಗಿ ನೋಡುವುದು ಕಷ್ಟವಾಗುತ್ತದೆ. ಬಹುಕಾಲದ ಮಧುಮೇಹದಿಂದ ಪಾದಗಳು ಜೋಮು ಹಿಡಿದಿದ್ದರೆ, ಕಾಲು ಯಾವ ಪೆಡಲಿನ ಮೇಲಿದೆ, ಎಷ್ಟು ಒತ್ತುತ್ತಿದೆ ಎಂಬುದೇ ಸರಿಯಾಗಿ ತಿಳಿಯದು.

ಈ ದೇಹಕ್ಕೆ ಒಪ್ಪುವ ಕಾರು ಯಾವುದು? ಮೊದಲನೆಯದಾಗಿ, ಆಸನವು ಕುಕ್ಕರಿಸುವಷ್ಟು ತಗ್ಗಿನಲ್ಲಿಯೂ ಹತ್ತಬೇಕಾದಷ್ಟು ಎತ್ತರದಲ್ಲಿಯೂ ಇರದೆ, ನಿಂತವರ ಸೊಂಟಕ್ಕೆ ಹೆಚ್ಚುಕಡಿಮೆ ಸಮವಾಗಿರಬೇಕು. 1999ರಲ್ಲಿ ಬಂದ ವ್ಯಾಗನ್‌ಆರ್‌ನಂತಹ ಎತ್ತರದ ಛಾವಣಿಯ ಸಣ್ಣ ಕಾರುಗಳನ್ನು ಹಿರಿಯರು ಮೆಚ್ಚುವುದಕ್ಕೆ ಇದೇ ಕಾರಣ. ಎರಡನೆಯದಾಗಿ, ಮಂಡಿನೋವಿನವರಿಗೆ ಕ್ಲಚ್ಚಿನ ಕಾಟವಿಲ್ಲದ ಸ್ವಯಂಚಾಲಿತ ಗೇರು ಉತ್ತಮ. 2014ರಲ್ಲಿ ಸೆಲೆರಿಯೊ ಬಂದಾಗಿನಿಂದ ಕಡಿಮೆ ಬೆಲೆಯ ಕಾರುಗಳಲ್ಲಿಯೂ ಇದು ದೊರೆಯುತ್ತಿದೆ. ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ತಡೆಯುವ ಏರ್ಪಾಡು ಅದರಲ್ಲಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಮೂರನೆಯದಾಗಿ, ದೊಡ್ಡ ಕನ್ನಡಿಗಳೂ ಹಿಂಬದಿಯ ಕ್ಯಾಮರಾವೂ ಇರಲಿ. ನಾಲ್ಕನೆಯದಾಗಿ, ದೀಪ, ಗಾಳಿ, ಒರಸುಪಟ್ಟಿಗಳಿಗೆ ಕೈಗೆ ಸಿಗುವ ಗುಂಡಿಗಳಿರಲಿ; ಗಾಜಿನ ಪರದೆಯಲ್ಲಿ ಹುಡುಕಹೋದರೆ ದೃಷ್ಟಿ ರಸ್ತೆಯಿಂದ ತಪ್ಪುತ್ತದೆ.

ಕಾರಿನಲ್ಲಿ ಕುಳಿತಾಗ ಎದೆಗೂ ಸ್ಟಿಯರಿಂಗಿಗೂ ನಡುವೆ ಹತ್ತು ಅಂಗುಲವಾದರೂ ಅಂತರವಿರಬೇಕು, ಏಕೆಂದರೆ ಅಪಘಾತದಲ್ಲಿ ಗಾಳಿಚೀಲವು ಅಲ್ಲಿಂದಲೇ ರಭಸವಾಗಿ ಚಿಮ್ಮುತ್ತದೆ. ದೃಷ್ಟಿಯು ಸ್ಟಿಯರಿಂಗಿನ ಮೇಲಂಚಿಗಿಂತ ಮೂರು ಅಂಗುಲವಾದರೂ ಮೇಲಿರಬೇಕು. ಗಿಡ್ಡ ನಿಲುವಿನ ನಮ್ಮ ಅನೇಕ ಮಹಿಳೆಯರಿಗೆ ಇವೆರಡೂ ಒಟ್ಟಿಗೆ ಒದಗಬೇಕಾದರೆ, ಆಸನವನ್ನು ಎತ್ತರಿಸುವ ಸೌಕರ್ಯವು ಅಗತ್ಯ.

ಆದರೆ ಎಂತಹ ಕಾರೂ ಎಲ್ಲವನ್ನೂ ಸರಿದೂಗಿಸಲಾರದು. 2019ರ ಏಪ್ರಿಲಿನಲ್ಲಿ ಟೋಕಿಯೋದ ಇಕೆಬುಕುರೊದಲ್ಲಿ 87 ವರ್ಷದ ಚಾಲಕರೊಬ್ಬರ ಕಾರಿಗೆ ಸಿಕ್ಕು ತಾಯಿ ಮತ್ತು ಪುಟ್ಟ ಮಗಳು ಮಡಿದರು. ಕಾರಿನಲ್ಲೇ ದೋಷವಿತ್ತೆಂದು ಅವರು ವಾದಿಸಿದರೂ, ಬ್ರೇಕೆಂದು ತಿಳಿದು ಆಕ್ಸಿಲರೇಟರನ್ನು ಒತ್ತಿದರೆಂದು 2021ರಲ್ಲಿ ನ್ಯಾಯಾಲಯವು ತೀರ್ಮಾನಿಸಿತು. ಮರುವರ್ಷ ಜಪಾನ್ ಸರಕಾರವು, ತಾನಾಗಿ ಬ್ರೇಕು ಹಾಕುವ ಮತ್ತು ಪೆಡಲಿನ ತಪ್ಪನ್ನು ತಡೆಯುವ ಸುರಕ್ಷಿತ ಕಾರುಗಳನ್ನು ಮಾತ್ರ ನಡೆಸುವ ಪ್ರತ್ಯೇಕ ಪರವಾನಗಿಯನ್ನು ಜಾರಿಗೆ ತಂದಿತು. ನಲವತ್ತು ವರ್ಷ ಕ್ಲಚ್ಚು ತುಳಿದು ಸ್ವಯಂಚಾಲಿತ ಗೇರಿಗೆ ಬರುವವರು ಇದನ್ನು ನೆನಪಿನಲ್ಲಿಡಬೇಕು. ಎಡಗಾಲಿಗೆ ಪೂರ್ಣ ವಿಶ್ರಾಂತಿ ಕೊಟ್ಟು, ಬರಿದಾದ ಮೈದಾನದಲ್ಲಿ ಕೆಲವು ದಿನ ಅಭ್ಯಾಸ ಮಾಡಿದ ಬಳಿಕವೇ ಬೀದಿಗಿಳಿಯಬೇಕು.

ನಮ್ಮ ಕಾನೂನಿನಂತೆ ಐವತ್ತೈದು ದಾಟಿದವರ ಪರವಾನಗಿಯು ಐದೈದು ವರ್ಷಕ್ಕೆ ನವೀಕರಣಗೊಳ್ಳುತ್ತದೆ. ಅದಕ್ಕೆ ವೈದ್ಯರ ಪ್ರಮಾಣಪತ್ರವೂ ಬೇಕು. ಆದರೆ ಕಣ್ಣು ಕೆಡುವುದಕ್ಕೆ ಐದು ವರ್ಷ ಬೇಕಾಗಿಲ್ಲ. ವರ್ಷಕ್ಕೊಮ್ಮೆ ನೇತ್ರಪರೀಕ್ಷೆ ಮಾಡಿಸಿ, ಸೇವಿಸುವ ಔಷಧಗಳಲ್ಲಿ ಮಂಪರು ತರುವಂತಹವು ಇವೆಯೇ ಎಂದು ವೈದ್ಯರನ್ನು ಕೇಳುವುದು ಕ್ಷೇಮ. ರಾತ್ರಿಯ ಸವಾರಿಯನ್ನೂ ಊರಿಗೆ ಹೋಗುವಾಗಿನ ಘಟ್ಟದ ದಾರಿಯನ್ನೂ ಕಿರಿಯರಿಗೆ ಬಿಡುವುದು ಸೋಲಲ್ಲ. ಮಿಕ್ಕ ದಾರಿಗಳನ್ನು ಹಲವು ವರ್ಷ ತಮ್ಮದಾಗಿ ಉಳಿಸಿಕೊಳ್ಳುವ ಉಪಾಯವದು.

ಆದುದರಿಂದ ಮಕ್ಕಳಲ್ಲಿ ನನ್ನ ವಿನಂತಿ: ಚಿತ್ರ ನೋಡಿ ಕಾರನ್ನು ಕಾದಿರಿಸಬೇಡಿರಿ. ತಂದೆತಾಯಿಗಳಿಬ್ಬರನ್ನೂ ಅಂಗಡಿಗೆ ಕರೆದೊಯ್ದು, ಹತ್ತಿ ಇಳಿಯಲು ಹೇಳಿರಿ, ಕಾಲು ಗಂಟೆ ಕೂಡಿಸಿರಿ, ಮನೆಯ ಬೀದಿಯಲ್ಲೇ ಒಂದು ಸುತ್ತು ನಡೆಸಲು ಕೊಡಿರಿ. ಹಿರಿಯರಲ್ಲಿಯೂ ಒಂದು ಮಾತು: ಮಗನ ಮನಸ್ಸು ನೋಯುವುದೆಂದು ಮಂಡಿಯ ನೋವನ್ನು ಮುಚ್ಚಿಡದೆ, ಹಣ ಕಟ್ಟುವ ಮೊದಲೇ ಬಾಯಿಬಿಟ್ಟು ಹೇಳಿರಿ.