ಬೂಟಿನ ಅಡಿಯ ಮಣ್ಣು

ನಮ್ಮ ಓದುಗರಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಮೆಚ್ಚುವವರು ಅನೇಕರುಂಟು. ಬೆರಳಿನ ಗುರುತು, ರಕ್ತದ ಕಲೆ ಇವುಗಳ ವಿಷಯ ಅವರಿಗೆ ನಾವು ಹೇಳಬೇಕಾದ್ದಿಲ್ಲ. ಆದರೆ ಕಾಲಿಗೆ ಮೆತ್ತಿದ ಮಣ್ಣೂ ಸಾಕ್ಷಿ ನುಡಿಯಬಲ್ಲದೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಹುಬ್ಬಳ್ಳಿಯ ಎರೆಮಣ್ಣಿಗೂ ಕೋಲಾರದ ಕೆಮ್ಮಣ್ಣಿಗೂ ಇರುವ ಭೇದ ನಮ್ಮ ಬರಿಗಣ್ಣಿಗೇ ಕಾಣುತ್ತದೆ. ಭೂವಿಜ್ಞಾನಿಯ ಸೂಕ್ಷ್ಮದರ್ಶಕಕ್ಕೆ ಒಂದೇ ಊರಿನ ಎರಡು ಹೊಲಗಳ ಭೇದವೂ ಎಷ್ಟೋ ವೇಳೆ ಕಾಣುತ್ತದೆ.

1908ರಲ್ಲಿ ಜರ್ಮನಿಯ ರಾಕನ್‌ಹೌಸನ್ ಎಂಬ ಊರಿನ ಬಳಿ ಒಬ್ಬ ಹೆಂಗಸಿನ ಕೊಲೆಯಾಯಿತು. ಅನುಮಾನ ಬಂದದ್ದು ಆ ಊರಿನವನೇ ಆದ ಒಬ್ಬ ಕಾರ್ಖಾನೆಯ ಕೆಲಸಗಾರನ ಮೇಲೆ. ಅವನಿಗೆ ಬೇಸಾಯವೂ ಇತ್ತು. ಅವನ ಬಂದೂಕವೂ ಬಟ್ಟೆಯೂ ಒಂದು ಪಾಳು ಕೋಟೆಯಲ್ಲಿ ದೊರೆತವು. ಆ ದಿನ ತಾನು ತನ್ನ ಹೊಲದಲ್ಲಿ ಓಡಾಡಿದ್ದೇ ಹೊರತು ಕೊಲೆಯಾದ ಕಡೆಗೆ ಹೋಗಿಯೇ ಇಲ್ಲವೆಂದು ಅವನು ವಾದಿಸಿದ.

ಫ್ರಾಂಕ್‌ಫರ್ಟಿನ ರಸಾಯನಶಾಸ್ತ್ರಜ್ಞ ಗೇಯೋರ್ಗ್ ಪಾಪ್ ಅವನ ಬೂಟುಗಳನ್ನು ತರಿಸಿಕೊಂಡರು. ಕೊಲೆಯ ಹಿಂದಿನ ರಾತ್ರಿ ಅವನ ಹೆಂಡತಿ ಅವನ್ನು ಚೊಕ್ಕಟ ಮಾಡಿಟ್ಟಿದ್ದಳು. ಅವನು ಅವನ್ನು ಮೆಟ್ಟಿದ್ದು ಆ ಒಂದೇ ದಿನ. ಆದುದರಿಂದ ಅಡಿಯಲ್ಲಿದ್ದುದೆಲ್ಲ ಆ ದಿನದ ಮಣ್ಣೇ. ಹಿಮ್ಮಡಿಯ ಮುಂದೆ ಅದು ಪದರ ಪದರವಾಗಿ ಕಟ್ಟಿಕೊಂಡಿತ್ತು. ಚರ್ಮಕ್ಕೆ ಅಂಟಿದ ಮೊದಲನೆಯ ಪದರದಲ್ಲಿ ಹೆಬ್ಬಾತಿನ ಹಿಕ್ಕೆ. ಅದು ಅವನ ಮನೆಯ ಮುಂದಿನದು. ಅದರ ಮೇಲೆ ಕೆಂಪು ಮರಳುಗಲ್ಲಿನ ಮಣ್ಣು, ಹುಲ್ಲಿನ ಚೂರು. ಅದು ಕೊಲೆಯಾದ ಸ್ಥಳದ್ದು. ಕಡೆಯ ಪದರದಲ್ಲಿ ಇದ್ದಲು, ಇಟ್ಟಿಗೆಯ ಪುಡಿ, ಸಿಮೆಂಟು. ಅದು ಕೋಟೆಯ ಬಳಿಯದು. ಅವನ ಹೊಲದಲ್ಲಿ ಹಾಲುಬಣ್ಣದ ಬೆಣಚುಕಲ್ಲೂ ಅಭ್ರಕವೂ ಇದ್ದವು. ಬೂಟಿನಲ್ಲಿ ಅವುಗಳ ಸುಳಿವೇ ಇರಲಿಲ್ಲ!

ಕಚೇರಿಯ ಗುಮಾಸ್ತರಾದ ನಮಗೆ ಇದು ಚೆನ್ನಾಗಿ ಅರ್ಥವಾಗುವ ಸಂಗತಿ. ಕಡತದಲ್ಲಿ ಹಳೆಯ ಕಾಗದ ಕೆಳಗೆ, ಹೊಸದು ಮೇಲೆ. ಪದರಗಳ ಕ್ರಮ ಕೆಡದಿದ್ದರೆ ಯಾರು ಯಾವಾಗ ಎಲ್ಲಿದ್ದರೆಂಬುದು ತಾನಾಗಿ ಹೊರಬೀಳುತ್ತದೆ.

ಆದರೂ ಒಂದು ಮಾತನ್ನು ಮರೆಯಬಾರದು. ಬೂಟು ಎಲ್ಲಿ ಹೋಗಿತ್ತೆಂದು ಮಣ್ಣು ಹೇಳೀತೇ ಹೊರತು ಕೈ ಏನು ಮಾಡಿತೆಂದು ಹೇಳಲಾರದು. ಒಂದೇ ಬಗೆಯ ಮಣ್ಣು ಎರಡು ಕಡೆ ಇರಲೂಬಹುದು. ಆದುದರಿಂದ ಸುತ್ತಮುತ್ತಲ ಮಣ್ಣುಗಳನ್ನೆಲ್ಲ ತಂದು ಹೋಲಿಸಿ ನೋಡುವುದು ಅಗತ್ಯ. ಹೀಗೆ ಹೋಲಿಸಿದಾಗ ತಾಳೆಯಾಗದಿದ್ದರೆ ಅದೇ ಮಣ್ಣು ನಿರಪರಾಧಿಯ ಪರವಾಗಿಯೂ ನಿಲ್ಲುತ್ತದೆ. ಒಬ್ಬ ಮನುಷ್ಯನ ಪ್ರಾಣವೇ ತೂಗುತ್ತಿರುವಾಗ ಇದೇನು ಸಣ್ಣ ಉಪಕಾರವೇ?

ಕಡೆಗೆ ನಮ್ಮ ಗೃಹಿಣಿಯರಲ್ಲಿ ಒಂದು ವಿಜ್ಞಾಪನೆ. ಎಂದಾದರೂ ಮನೆಯಲ್ಲಿ ಕಳವಾಗಿ, ನೆಲದ ಮೇಲೆ ಕೆಸರಿನ ಹೆಜ್ಜೆ ಕಂಡರೆ, ಪೊಲೀಸರು ಬಂದು ನೋಡುವ ತನಕ ದಯವಿಟ್ಟು ಪೊರಕೆ ಹಿಡಿಯಬೇಡಿ. ನೀವು ಗುಡಿಸಿ ಹಾಕುವುದು ಬರಿಯ ಕಸವಾಗಿರಲಾರದು.