ಗೇರ್‌ಬಾಕ್ಸ್ ಹೋಗಿದೆ ಅನ್ನುವ ಮುಂಚೆ



ಹೊಳಲ್ಕೆರೆ ಕಡೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಅವರ ಮಾವನವರು ಆಸೆಪಟ್ಟು ಇಟ್ಟುಕೊಂಡಿದ್ದ 1960ರ ದಶಕದ ಷೆವರ್ಲೆ ಇಂಪಾಲ ಕಾರು ಕೊಬ್ಬರಿ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ನಿಂತಿದೆಯಂತೆ. ಹೊಸ ಬ್ಯಾಟರಿ ಹಾಕಿಸಿದರೆ ಇಂಜಿನ್ನೇನೋ ಶುರುವಾಯಿತು, ಗಾಡಿ ಮಾತ್ರ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. "ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೋಗಿದೆ" ಅಂದುಬಿಟ್ಟನಂತೆ ಮೆಕ್ಯಾನಿಕ್. ಮೈದುನಂದಿರು ಗುಜರಿಯವನ ಹತ್ತಿರ ಮಾತಾಡಿದ್ದಾರೆ. "ಅತ್ತೆಯವರು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಾನು ಬಾಯಿ ತೆರೆದರೆ 'ಕಾರಿನ ವಿಷಯ ನಿಮಗೇನು ಗೊತ್ತು ಅತ್ತಿಗೆ' ಅಂತಾರೆ. ಏನು ಮಾಡಲಿ ಅಕ್ಕಾ?" ಎಂದು ಕೇಳಿದ್ದಾರೆ.

ಅಡಿಗೆಯ ಪುಟದ ಪಕ್ಕದಲ್ಲಿ ಗೇರ್‌ಬಾಕ್ಸಿನ ಮಾತೇ ಅಂತ ನಗಬೇಡಿ. ನಮ್ಮ ಮನೆಯವರದು ಹೊಸದುರ್ಗದಲ್ಲಿ ಗ್ಯಾರೇಜು. ಇಪ್ಪತ್ತು ವರ್ಷದಿಂದ ಗ್ರೀಸಿನ ಬಟ್ಟೆ ಒಗೆಯುತ್ತಾ ಕೇಳಿ ತಿಳಿದದ್ದನ್ನು, ಅವರ ಹತ್ತಿರ ಮತ್ತೊಮ್ಮೆ ಕೇಳಿಕೊಂಡು ಬರೆಯುತ್ತಿದ್ದೇನೆ.

ನಮ್ಮ ಕಡೆಯ ಮೆಕ್ಯಾನಿಕ್ಕುಗಳ ಕೈ ಪಳಗಿದ್ದು ಅಂಬಾಸಿಡರ್, ಫಿಯಟ್, ಜೀಪುಗಳ ಮೇಲೆ. ಅವೆಲ್ಲ ಕ್ಲಚ್ ತುಳಿದು ಗೇರು ಹಾಕುವ ಗಾಡಿಗಳು. ಆ ಕಾಲದ ಷೆವರ್ಲೆಗಳಲ್ಲಿ ಸಾಮಾನ್ಯವಾಗಿದ್ದ ಆಟೋಮ್ಯಾಟಿಕ್‌ಗೆ ಪವರ್‌ಗ್ಲೈಡ್ ಅಂತ ಹೆಸರು. 1950ರಲ್ಲಿ ಬಂದದ್ದು, 1973ರವರೆಗೆ ನಡೆಯಿತು. ಮುಂದಕ್ಕೆ ಎರಡೇ ಗೇರು. ಅದನ್ನು ಬಿಚ್ಚಿ ನೋಡಿದವರು ನಮ್ಮಲ್ಲಿ ಬಲು ಕಡಿಮೆ. ಗೊತ್ತಿಲ್ಲದ್ದನ್ನು "ಹೋಗಿದೆ" ಅನ್ನುವುದು ಸುಲಭ ನೋಡಿ!

ಅದು ಕೆಲಸ ಮಾಡುವ ಬಗೆ ಹೀಗೆ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲವೇ? ಇಲ್ಲಿ ಗಾಳಿಯ ಬದಲು ಎಣ್ಣೆ. ಆ ಭಾಗಕ್ಕೆ ಕನ್ವರ್ಟರ್ ಅಂತಾರೆ. ಒಳಗಿನ ಪಂಪು ಎಣ್ಣೆಯನ್ನು ಒತ್ತಿ ಕಳಿಸಿದರೆ ಮಾತ್ರ ಗೇರು ಹಿಡಿಯುತ್ತದೆ. ಅಂದರೆ ಎಲ್ಲವೂ ಒತ್ತಡದ ಮೇಲೆ, ನಮ್ಮ ಕುಕ್ಕರಿನ ಹಾಗೆ. ಗ್ಯಾಸ್ಕೆಟ್ ಒಣಗಿ ಗಟ್ಟಿಯಾದ ಕುಕ್ಕರು ಸೀಟಿ ಹಾಕುವುದಿಲ್ಲ. ಹಾಗಂತ ಕುಕ್ಕರನ್ನೇ ಬಿಸಾಡುತ್ತೀವಾ?

ಮೊದಲು ಎಣ್ಣೆ ನೋಡಿಸಿ. ಇಲ್ಲೊಂದು ಮೋಸವಿದೆ. ಗಾಡಿ ಬಹಳ ದಿನ ನಿಂತರೆ ಕನ್ವರ್ಟರಿನ ಎಣ್ಣೆ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಇಂಜಿನ್ ನಿಂತಿರುವಾಗ ಅಳತೆಯ ಕಡ್ಡಿ ಎತ್ತಿದರೆ "ತುಂಬಿದೆ" ಅನ್ನುತ್ತದೆ. ಇಂಜಿನ್ ಶುರುವಾದೊಡನೆ ಅಷ್ಟೂ ಎಣ್ಣೆ ಕನ್ವರ್ಟರಿಗೆ ಹೋಗಿ ತಟ್ಟೆ ಬರಿದಾಗುತ್ತದೆ, ಪಂಪು ಗಾಳಿ ಎಳೆಯುತ್ತದೆ, ಗಾಡಿ ಅಲುಗುವುದಿಲ್ಲ. ಆದ್ದರಿಂದ ಈ ಗಾಡಿಯಲ್ಲಿ ಇಂಜಿನ್ ನಿಧಾನವಾಗಿ ಓಡುತ್ತಿರುವಾಗ, ಗೇರಿನ ಕಡ್ಡಿ 'ಎನ್' ಮೇಲಿಟ್ಟು ನೋಡಬೇಕು. ಕಡಿಮೆ ಇದ್ದರೆ ಕಾಲು ಲೀಟರಿನಂತೆ ಹಾಕುತ್ತಾ ಹೋಗಬೇಕು. ಗಾಡಿ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಬೇಕು.

ಅದಕ್ಕೂ ಮುಂಚೆ ಕಡ್ಡಿಯನ್ನು ಬಿಳಿ ಬಟ್ಟೆಗೆ ಒರೆಸಿ. ಕೆಂಪಗಿದ್ದರೆ ಒಳ್ಳೆಯದು. ಕಂದು ಬಣ್ಣವಾಗಿ ಸೀದ ಒಗ್ಗರಣೆಯ ವಾಸನೆ ಬಂದರೆ ಒಳಗೆ ಸುಟ್ಟಿದೆ. ಹಾಲು ಬೆರೆಸಿದ ಹಾಗೆ ಗುಲಾಬಿಯಾಗಿದ್ದರೆ ನೀರು ಸೇರಿದೆ. ಅಂಥ ಗಾಡಿಯ ಇಂಜಿನ್ ಶುರು ಮಾಡಲೇಬೇಡಿ.

ಎಣ್ಣೆ ಹಳೆಯದಾಗಿದ್ದರೆ ಕೆಳಗಿನ ತಟ್ಟೆ ಬಿಚ್ಚಿಸಿ. ಟೀ ಸೋಸುವ ಜಾಲರಿಯಂಥದ್ದು ಒಳಗಿದೆ. ಅದು ಕಟ್ಟಿಕೊಂಡರೂ ಗಾಡಿ ಓಡುವುದಿಲ್ಲ. ತಟ್ಟೆಯ ತಳದಲ್ಲಿ ಬೂದಿಯಂಥ ನುಣ್ಣನೆ ಕೆಸರು ಸ್ವಲ್ಪ ಇದ್ದರೆ ಗಾಬರಿ ಬೇಡ. ಲೋಹದ ಚೂರುಗಳಿದ್ದರೆ ಮಾತ್ರ ದೊಡ್ಡ ಖರ್ಚು. ಹೊಸ ಎಣ್ಣೆ ಡೆಕ್ಸ್‌ರಾನ್ ಮೂರು ಗುಣಮಟ್ಟದ್ದಿರಲಿ. ಇಂಜಿನ್ ಆಯಿಲ್ಲಾಗಲಿ, ತೊಂಬತ್ತನೇ ನಂಬರಿನ ಗೇರ್ ಆಯಿಲ್ಲಾಗಲಿ ಖಂಡಿತ ಕೂಡದು.

ಆಮೇಲೆ ಒಂದೊಂದೇ ಗೇರು ಹಾಕಿ ತುಸು ಹೊತ್ತು ಕಾಯಲಿ. ಒಣಗಿದ ರಬ್ಬರು ಎಣ್ಣೆ ಕುಡಿದು ಮೆತ್ತಗಾಗಲು ಸಮಯ ಬೇಕು. ಹಿಡಿಯಲಿಲ್ಲ ಅಂತ ಆಕ್ಸಿಲರೇಟರ್ ತುಳಿದರೆ ಒಳಗಿನ ಪಟ್ಟಿಗಳು ಸುಟ್ಟುಹೋಗುತ್ತವೆ. ಹಿಂದಕ್ಕೆ ಹೋಗಿ ಮುಂದಕ್ಕೆ ಹೋಗದಿದ್ದರೆ ಪಂಪು ಸರಿಯಿದೆ ಅಂತ ಅರ್ಥ. ದೋಷ ಒಂದೇ ಕಡೆ. ಎರಡೂ ಇಲ್ಲದಿದ್ದರೆ ಗೇರಿನ ಕಡ್ಡಿಯಿಂದ ಕೆಳಗೆ ಹೋಗುವ ಸರಳು ಕಳಚಿದೆಯೋ ನೋಡಲಿ. ಬರೀ ಅದೇ ಕಾರಣವಾಗಿರುವುದೂ ಉಂಟು.

ಇನ್ನು ಜೋಪಾನದ ಮಾತು. ಈ ಗಾಡಿ ಗೇರು ಹಿಡಿದ ಕ್ಷಣದಲ್ಲೇ ತಾನಾಗಿ ಮುಂದೆ ಜರುಗುತ್ತದೆ. ಮೊದಲು ಬ್ರೇಕು ಸರಿಮಾಡಿಸಿ, ಮುಂದಿನ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿಸಿ, ಹಿಂದಿನ ಚಕ್ರಗಳನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಎತ್ತಿಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಲೇಬಾರದು. ಆ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷವಿದೆ, ಜೀವ ತೆಗೆಯುತ್ತದೆ. ಊರಿಗೆ ಸಾಗಿಸುವುದಾದರೆ ಹಗ್ಗ ಕಟ್ಟಿ ಎಳೆಸಬೇಡಿ. ಇಂಜಿನ್ ನಿಂತಿರುವಾಗ ಹಿಂದಿನ ಚಕ್ರ ಉರುಳಿದರೆ ಎಣ್ಣೆಯಿಲ್ಲದೆ ಗೇರ್‌ಬಾಕ್ಸ್ ಸವೆಯುತ್ತದೆ. ಲಾರಿಯ ಮೇಲೆ ಹೇರಿಸಿ.

ಕಾಗದಪತ್ರದ ಕಡೆಯೂ ಗಮನವಿರಲಿ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, 50 ವರ್ಷ ಮೀರಿದ, ಮೂಲ ರೂಪ ಕೆಡದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಯಮದಲ್ಲಿಟ್ಟ ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನಬಳಕೆಗೆ ಬರುವುದಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿಗೆ ರಸ್ತೆಗಿಳಿಸಬಹುದು. ಧರ್ಮಸ್ಥಳದಲ್ಲಿ ಹಳೇ ಕಾರುಗಳನ್ನು ಎಷ್ಟು ಜತನವಾಗಿ ಇಟ್ಟಿದ್ದಾರೆಂದು ನಿಮ್ಮಲ್ಲಿ ಅನೇಕರು ನೋಡಿಯೇ ಇದ್ದೀರಿ.

ಕಾಗದ ಬರೆದ ತಂಗೀ, ಮೈದುನಂದಿರ ಜೊತೆ ಜಗಳ ಬೇಡ. "ಇಂಜಿನ್ ಓಡುವಾಗ ಎಣ್ಣೆ ನೋಡಿದ್ರಾ? ತಟ್ಟೆ ಬಿಚ್ಚಿದ್ರಾ?" ಅಂತ ಈ ಎರಡು ಪ್ರಶ್ನೆ ಕೇಳಿ. ಇಲ್ಲ ಅಂದರೆ ಗುಜರಿಯವನಿಗೆ ಹದಿನೈದು ದಿನ ತಡಿ ಅನ್ನಿ. ಎರಡನ್ನೂ ನೋಡಿದ ಮೇಲೂ ಚೂರುಗಳೇ ಸಿಕ್ಕರೆ, ರಿಪೇರಿಗೆ ಸಾಲ ಮಾಡಿಕೊಳ್ಳಬೇಡಿ. ಹಳೇ ಕಾರು ಇಟ್ಟುಕೊಳ್ಳುವವರಿಗೆ ಇಡಿಯಾಗಿ ಮಾರಿ. ತೂಕಕ್ಕೆ ಹಾಕುವುದಕ್ಕಿಂತ ಅದು ಮೇಲು, ಅತ್ತೆಯವರಿಗೂ ಸಮಾಧಾನ. ಏನಾಯಿತೆಂದು ಮರೆಯದೆ ಬರೆಯಿರಿ.