‘ಫುಲ್ ಡೋಸ್’ ಎಂಬ ಹಠ

ಕಿಮೊಥೆರಪಿಯ ‘ಪೂರ್ಣ ಪ್ರಮಾಣ’ ಪ್ರಕೃತಿ ಕೊಟ್ಟ ಸಂಖ್ಯೆಯಲ್ಲ. ಅದು ನಿಗದಿಯಾದದ್ದು ಬಹುಪಾಲು ಕಡಿಮೆ ವಯಸ್ಸಿನ, ಗಟ್ಟಿಮುಟ್ಟಾದ ರೋಗಿಗಳ ಮೇಲೆ ನಡೆದ ಪ್ರಯೋಗಗಳಿಂದ. ಕ್ಯಾನ್ಸರ್ ಹೆಚ್ಚಾಗಿ ಬರುವುದು ವೃದ್ಧರಿಗೆ. ಔಷಧಿಯ ಅಳತೆ ಮಾತ್ರ ಪ್ರಾಯದವರದು.

ಬ್ರಿಟನ್ನಿನ ಜಿಒ-2 ಪ್ರಯೋಗ ಈ ಅಳತೆಯನ್ನೇ ಪ್ರಶ್ನಿಸಿತು. ಅನ್ನನಾಳ ಮತ್ತು ಜಠರದ ಕ್ಯಾನ್ಸರ್ ಉಲ್ಬಣಿಸಿದ್ದ, ವೃದ್ಧರೋ ದುರ್ಬಲರೋ ಆಗಿದ್ದ 514 ರೋಗಿಗಳು, ಅವೇ ಎರಡು ಔಷಧಿಗಳು, ಪೂರ್ಣ, ಶೇ. 80 ಮತ್ತು ಶೇ. 60 ಎಂಬ ಮೂರು ಪ್ರಮಾಣಗಳು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಶೇ. 60 ಪಡೆದವರಲ್ಲಿ ರೋಗದ ನಿಯಂತ್ರಣ ಪೂರ್ಣ ಪ್ರಮಾಣಕ್ಕಿಂತ ಕಳಪೆಯಾಗಿರಲಿಲ್ಲ, ಅಡ್ಡಪರಿಣಾಮಗಳು ಕಡಿಮೆಯಿದ್ದವು. ಈ ಚಿಕಿತ್ಸೆ ಸಾರ್ಥಕವೆನಿಸಿತೇ ಎಂದು ರೋಗಿಯನ್ನೇ ಕೇಳಿ, ಆ ಉತ್ತರವನ್ನೂ ಫಲಿತಾಂಶದ ಲೆಕ್ಕಕ್ಕೆ ಸೇರಿಸಿಕೊಂಡದ್ದು ಇದರ ಹೆಚ್ಚುಗಾರಿಕೆ. ಹಣ ನೀಡಿದ್ದು ಕ್ಯಾನ್ಸರ್ ರಿಸರ್ಚ್ ಯುಕೆ ಎಂಬ ದತ್ತಿಸಂಸ್ಥೆ. ಕಡಿಮೆ ಔಷಧಿ ಸಾಕೆಂದು ಸಾಬೀತುಪಡಿಸಲು ಯಾವ ಕಂಪನಿ ತಾನೇ ಬಂಡವಾಳ ಹೂಡೀತು?

ಇದು ಗುಣವಾಗದ ಹಂತದ ರೋಗದ ಮಾತು, ನಿಜ. ಗುಣಪಡಿಸಬಹುದಾದ ಗೆಡ್ಡೆಯ ಲೆಕ್ಕವೇ ಬೇರೆ. ‘ವಯಸ್ಸಾಯಿತಲ್ಲ, ಇನ್ನೇಕೆ’ ಎಂದು ಎಂಬತ್ತರ ಗಟ್ಟಿ ಜೀವಕ್ಕೆ ಚಿಕಿತ್ಸೆ ನಿರಾಕರಿಸುವುದೂ ಅಷ್ಟೇ ಕ್ರೂರ. ಎರಡೂ ಕಡೆ ರೋಗಿಯನ್ನು ಯಾರೂ ನೋಡಿರುವುದಿಲ್ಲ; ಒಬ್ಬರು ಪ್ರೋಟೋಕಾಲ್ ನೋಡಿರುತ್ತಾರೆ, ಇನ್ನೊಬ್ಬರು ಜನ್ಮದಿನಾಂಕ.

ಇಲ್ಲಿ ನಮ್ಮ ಪಾತ್ರವೂ ಇದೆ. ವಿದೇಶದಲ್ಲಿ ಕುಳಿತ ಮಕ್ಕಳು ಊರಿನ ಡಾಕ್ಟರಿಗೆ ಫೋನು ಮಾಡಿ, ‘ಖರ್ಚಿನ ಯೋಚನೆ ಬೇಡ, ಫುಲ್ ಟ್ರೀಟ್‌ಮೆಂಟ್ ಕೊಡಿ’ ಎನ್ನುತ್ತೇವೆ. ಜೊತೆಗಿಲ್ಲದ ವರ್ಷಗಳ ಅಳುಕನ್ನು ಅಮ್ಮನ ರಕ್ತನಾಳದೊಳಕ್ಕೆ ಹರಿಸುತ್ತೇವೆ. ರೋಗದ ಹೆಸರನ್ನೂ ಅಮ್ಮನಿಗೆ ಹೇಳಬೇಡಿರೆಂದು ತಾಕೀತು ಮಾಡುತ್ತೇವೆ. ಪಿತೃಪ್ರಧಾನತೆಯ ವಿರುದ್ಧ ಪುಟಗಟ್ಟಲೆ ಬರೆಯುವ ನಾವೇ!

ಅಮೆರಿಕದಲ್ಲಿ ಎಪ್ಪತ್ತು ದಾಟಿದ 718 ರೋಗಿಗಳ ಅಧ್ಯಯನವೊಂದರಲ್ಲಿ, ನಡಿಗೆ, ಮರೆವು, ಪೋಷಣೆ, ನುಂಗುವ ಇತರ ಮಾತ್ರೆಗಳು, ಮನೆಯ ಆಸರೆ ಇವನ್ನೆಲ್ಲ ಪರಿಶೀಲಿಸಿದ ವರದಿಯನ್ನು ವೈದ್ಯರ ಕೈಗಿಟ್ಟಾಗ, ತೀವ್ರ ಅಡ್ಡಪರಿಣಾಮಕ್ಕೆ ಗುರಿಯಾದವರು ಶೇ. 71ರಿಂದ 51ಕ್ಕೆ ಇಳಿದರು. ಬದುಕುಳಿದ ಅವಧಿಯೇನೂ ಕುಗ್ಗಲಿಲ್ಲ. ಕರ್ನಾಟಕದ ಆಸ್ಪತ್ರೆಗಳಲ್ಲಿ ಇದನ್ನು ಆರಂಭಿಸಲು ಕೋಟಿ ಬೆಲೆಯ ಯಂತ್ರ ಬೇಕಿಲ್ಲ. ಕುರ್ಚಿಯಿಂದೆದ್ದು ಮೂರು ಮೀಟರ್ ನಡೆದು ಮರಳಿ ಕೂರಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಲು ಒಂದು ಗಡಿಯಾರ, ರೋಗಿಯ ಮಾತು ಕೇಳಲು ಅರ್ಧ ಗಂಟೆ ಬಿಡುವಿರುವ ಒಬ್ಬ ನರ್ಸ್. ಮುಂದಿನ ಸಲ ಡಾಕ್ಟರಿಗೆ ಫೋನು ಮಾಡಿದಾಗ ಈ ಪರೀಕ್ಷೆ ನಡೆದಿದೆಯೇ ಎಂದು ವಿಚಾರಿಸಿ. ಆಮೇಲೆ ಫೋನನ್ನು ಅಮ್ಮನ ಕೈಗೆ ಕೊಡಿಸಿ.